ಬಹುಮಾನ ಕೊಡಿ, ಆದರೆ ಚೀಟಿ ಎತ್ತಿ ಕೊಡಿ

ಸಂಪಾದಕರಿಗೆ ನಮಸ್ಕಾರ,

ನವೆಂಬರ್ 14 ಹತ್ತಿರ ಬಂತು, ಮಕ್ಕಳ ಚಿತ್ರಕಲಾ ಸ್ಪರ್ಧೆಗಳ ಪ್ರಕಟಣೆ ನಿಮ್ಮ ಪತ್ರಿಕೆಯಲ್ಲೂ ಬರುತ್ತಿವೆ. ನಾನು 26 ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಇಂಥ ಎಷ್ಟೋ ಸ್ಪರ್ಧೆಗಳಿಗೆ ತೀರ್ಪು ಕೊಡಲು ಹೋಗಿದ್ದೇನೆ.

ಹೋದಲ್ಲೆಲ್ಲ ಅದೇ ಚಿತ್ರ. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ನದಿ, ಪಕ್ಕದಲ್ಲಿ ಗುಡಿಸಲು, ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಬೆಟ್ಟವೇ ಕಾಣದ ಬಯಲುಸೀಮೆಯ ಊರಲ್ಲೂ ಇದೇ. ಆದರೆ ಇದೇ ಮಕ್ಕಳು ಸುಮ್ನೆ ಕೂತಾಗ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಏನೇನು ಬಿಡಿಸುತ್ತಿದ್ದರು! ಒಬ್ಬ ಹುಡುಗ ಬಸ್ಸನ್ನು ಮೇಲಿಂದ ನೋಡಿದ ಹಾಗೆ ಬಿಡಿಸಿದ್ದ, ಟಾಪಿನ ಮೇಲೆ ಸೈಕಲ್ಲು, ಕೋಳಿ ಬುಟ್ಟಿ, ಕಟ್ಟಿದ ಹಗ್ಗದ ಗಂಟು ಕೂಡ ಇತ್ತು. ಅವನೇ ಸ್ಪರ್ಧೆಗೆ ಕೂತಾಗ ಎರಡು ಬೆಟ್ಟ ಬಿಡಿಸಿದ. ಯಾಕೋ ಅಂದರೆ, "ಸಾರ್, ಪ್ರೈಜ್ ಬರೋದು ಇದಕ್ಕೇ ಅಲ್ವಾ?" ಅಂದ.

ಅವನು ಹೇಳಿದ್ದು ನಿಜ. ಗೆರೆ ನೀಟಾಗಿದೆಯಾ, ಬಣ್ಣ ಆಚೆ ಹೋಗಿಲ್ಲವಾ ಎಂದು ನೋಡಿ ಅಂಕ ಕೊಟ್ಟವರು ನಾವೇ. ಅದಕ್ಕೆ ನನಗೆ ಈಗಲೂ ಬೇಜಾರಿದೆ.

ಆಮೇಲೆ ಈ ಬಗ್ಗೆ ಓದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು, 1973ರಲ್ಲಿ ಅದು ಪ್ರಕಟವಾಯಿತು. ಚಿತ್ರ ಬಿಡಿಸುವ ಹುಚ್ಚಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ರಿಬ್ಬನ್ ಅಂಟಿಸಿದ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿದ್ದ ಗುಂಪಿನ ಮಕ್ಕಳು ಸ್ಕೆಚ್ ಪೆನ್ ಹಿಡಿಯುತ್ತಿದ್ದ ಹೊತ್ತು ಬೇರೆಯವರದ್ದರ ಅರ್ಧದಷ್ಟಿತ್ತು! ಅಚಾನಕ್ಕಾಗಿ ಬಹುಮಾನ ಸಿಕ್ಕವರ ಆಸಕ್ತಿ ಮಾತ್ರ ಕಮ್ಮಿಯಾಗಿರಲಿಲ್ಲ.

ಇನ್ನೊಂದು ಪ್ರಯೋಗ ತೆರೆಸಾ ಅಮಾಬಿಲೆ ಎಂಬ ಮನಶ್ಶಾಸ್ತ್ರಜ್ಞೆಯದ್ದು, 1982ರದ್ದು. 7ರಿಂದ 11 ವರ್ಷದ ಹುಡುಗಿಯರು ಬಣ್ಣದ ಕಾಗದ ಅಂಟಿಸಿ ಚಿತ್ರ ಮಾಡಿದರು. ಒಂದು ಗುಂಪಿಗೆ ಸ್ಪರ್ಧೆ, ಚೆನ್ನಾಗಿ ಮಾಡಿದವರಿಗೆ ಬಹುಮಾನ. ಇನ್ನೊಂದು ಗುಂಪಿಗೆ ಚೀಟಿ ಎತ್ತಿ ಬಹುಮಾನ. ಯಾರು ಯಾವ ಗುಂಪು ಅಂತ ತಿಳಿಯದ ಕಲಾವಿದರು ಎಲ್ಲ ನೋಡಿದಾಗ, ಚೀಟಿ ಗುಂಪಿನ ಚಿತ್ರಗಳಲ್ಲೇ ಹೊಸತನ ಜಾಸ್ತಿ ಕಂಡಿತು.

ಬಹುಮಾನವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹೊಸದಾಗಿ ಯೋಚಿಸಿದ್ದಕ್ಕೇ ಬಹುಮಾನ ಎಂದು ಬಿಡಿಸಿ ಹೇಳಿದರೆ ಮಕ್ಕಳು ಹೊಸದನ್ನು ಮಾಡುತ್ತಾರೆ ಎಂದು ರಾಬರ್ಟ್ ಐಸೆನ್‌ಬರ್ಗರ್ ಎಂಬ ಸಂಶೋಧಕರು ತೋರಿಸಿದ್ದಾರೆ. ನಾವು ಅದನ್ನೂ ಹೇಳುವುದಿಲ್ಲವಲ್ಲ. "ಪರಿಸರ" ಅಂತ ಒಂದು ಪದ ಬೋರ್ಡಿನ ಮೇಲೆ ಬರೆದು ಸುಮ್ಮನಾಗುತ್ತೇವೆ.

ಸ್ಪರ್ಧೆ ಮಾಡುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಈ ವರ್ಷ ಒಂದೇ ಒಂದು ಸಲ ಮೊದಲ ಸ್ಥಾನ, ಎರಡನೇ ಸ್ಥಾನ ಬಿಡಿ. ಎಲ್ಲ ಚಿತ್ರಗಳನ್ನೂ ಗೋಡೆಗೆ ಹಾಕಿ. ಬಹುಮಾನ ತಂದಿದ್ದರೆ ಚೀಟಿ ಎತ್ತಿ ಹಂಚಿ. ಅಪ್ಪ ಅಮ್ಮಂದಿರೂ ಮಗು ಹೊರಗೆ ಬಂದ ಕೂಡಲೇ "ಎಷ್ಟನೇ ಪ್ರೈಜ್?" ಅನ್ನಬೇಡಿ, ಏನು ಬಿಡಿಸಿದೆ ಅಂತ ಕೇಳಿ. ನಮ್ಮ ಬಡಾವಣೆಯ ಸಂಘದವರು ಇದಕ್ಕೆ ಒಪ್ಪಿದ್ದಾರೆ. ಚಿತ್ರಗಳನ್ನು ಗೋಡೆಗೆ ಹಾಕುವ ಕೆಲಸ ನನ್ನದು.

- ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ದಾವಣಗೆರೆ