ಸಂಜೆಯ ಕುರುಕಲಿಗೆ ಕೈ ಖಾಲಿಯಾಗದಿರಲಿ: ವೀರೇಶನಿಗೆ ದೊಡ್ಡಮ್ಮನ ಪತ್ರ

ದಾವಣಗೆರೆ
ಭಾನುವಾರ

ಚಿ. ವೀರೇಶನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮ ಸಮಾಚಾರ ನಿನ್ನ ಅಮ್ಮನಿಂದ ತಿಳಿಯುತ್ತಿರುತ್ತದೆ.

ಮೊನ್ನೆ ಅವಳು ಫೋನಿನಲ್ಲಿ ನೊಂದುಕೊಂಡಳು. ಬಾಡಿಗೆ, ಬಸ್ ಪಾಸು, ಮೆಸ್ಸಿನ ಊಟ ಎಲ್ಲ ಲೆಕ್ಕದಲ್ಲೇ ಇದೆಯಂತೆ. ಆದರೆ ಸಂಜೆ ಕೆಲಸದಿಂದ ಬಂದ ಮೇಲೆ ನೀನೂ ಗೆಳೆಯರೂ ಮೊಬೈಲಿನಲ್ಲಿ ತರಿಸಿಕೊಳ್ಳುವ ಚಿಪ್ಸು, ಅದಕ್ಕೆ ನಂಚಿಕೊಳ್ಳುವ ಪುಟ್ಟ ಪುಟ್ಟ ಡಬ್ಬಿಗಳು, ಕ್ರಿಕೆಟ್ ಇದ್ದ ದಿನ ಬಜ್ಜಿ ಬೋಂಡಾ, ಇವುಗಳಿಗೇ ತಿಂಗಳ ಕೊನೆಯ ವಾರ ಕೈ ಬರಿದಾಗಿ ಸಾಲ ಮಾಡುತ್ತಿದ್ದೀಯಂತೆ. ಬೈದು ಬುದ್ಧಿ ಹೇಳಕ್ಕಾ ಎಂದಳು. ನಾನು ಬೈಯುವುದಿಲ್ಲ. ದಿನವಿಡೀ ದುಡಿದು ಬಂದ ಹುಡುಗರಿಗೆ ಸಂಜೆಗೆ ಖಾರಖಾರವಾಗಿ ಏನಾದರೂ ಕುರುಕಬೇಕು ಅನ್ನಿಸುವುದು ಸಹಜ. ಬಿಟ್ಟುಬಿಡು ಎಂದರೆ ನಾಲ್ಕು ದಿನ ಬಿಟ್ಟು ಐದನೆಯ ದಿನ ಎರಡರಷ್ಟು ತರಿಸುತ್ತೀಯ. ಬಿಡಬೇಡ ತಮ್ಮಾ, ಕೋಣೆಯಲ್ಲೇ ಮಾಡಿಕೋ. ಒಂದು ಒಲೆ, ಒಂದು ದಪ್ಪ ತಳದ ಬಾಣಲೆ, ಮಿಕ್ಸಿಯ ಸಣ್ಣ ಜಾರು ಇದ್ದರೆ ಸಾಕು, ಅವು ನಿನ್ನ ಬಳಿ ಇವೆ.

ಅಂಗಡಿಗೆ ಹೋದಾಗ ಪೊಟ್ಟಣದ ಬೆಲೆ ನೋಡಬೇಡ, ಕಿಲೋ ಬೆಲೆ ನೋಡು. 20 ರೂಪಾಯಿಗೆ 50 ಗ್ರಾಂ ಚಿಪ್ಸು ಎಂದರೆ ಕಿಲೋಗೆ 400 ರೂಪಾಯಿ ಆಯಿತು. ಆಲೂಗಡ್ಡೆ ಕರಿದಾಗ ನೀರು ಹೋಗಿ ತೂಕ ಇಳಿಯುತ್ತದೆ, ಎಣ್ಣೆಗೂ ಖರ್ಚಿದೆ, ಒಪ್ಪುತ್ತೇನೆ. ಆದರೂ ಅದರ ಅರ್ಧದಷ್ಟು ಬೆಲೆಗೇ ಒಳ್ಳೆಯ ಶೇಂಗಾ ಬೀಜ ಸಿಗುತ್ತದೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಪುಟಾಣಿಯಲ್ಲಿ 20 ಗ್ರಾಂನ ಆಸುಪಾಸು. ಹೊಟ್ಟೆಗೂ ನಿಲ್ಲುತ್ತದೆ. ಶೇಂಗಾ, ಪುಟಾಣಿ, ಮಂಡಕ್ಕಿ, ಖಾರದ ಪುಡಿಯಂಥ ಒಣ ಸಾಮಾನನ್ನು ತಿಂಗಳಿಗೊಮ್ಮೆ ತಂದಿಡು. ಹಸಿಯದನ್ನು ಆ ಹೊತ್ತಿಗೆ ಎಷ್ಟು ಬೇಕೋ ಅಷ್ಟೇ ಮಾಡು. ಒಬ್ಬಂಟಿ ಹುಡುಗರ ಅಡುಗೆಮನೆಯಲ್ಲಿ ದುಡ್ಡು ಪೋಲಾಗುವುದು ಹಳಸಿದ್ದನ್ನು ಬಿಸಾಡುವಾಗ.

ಶೇಂಗಾ ಚಟ್ನಿಪುಡಿಯಿಂದ ಶುರು ಮಾಡು. ಕಾಲು ಕಿಲೋ ಬೀಜವನ್ನು ತಟ್ಟೆಯ ಮೇಲೆ ಹರವಿ ಮೊದಲು ಆರಿಸು. ಮುದುಡಿದ್ದು, ಕಪ್ಪಾದದ್ದು, ಹಸಿರು ಬೂಷ್ಟು ಹಿಡಿದದ್ದು ಕಂಡರೆ ತೆಗೆದುಹಾಕು. ಆ ಬೂಷ್ಟಿನಲ್ಲಿ ಪಿತ್ತಜನಕಾಂಗಕ್ಕೆ ಕೇಡು ಮಾಡುವ ವಿಷವಿರಬಹುದು, ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಆಮೇಲೆ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿ. ಮೊಬೈಲು ಪಕ್ಕಕ್ಕಿಟ್ಟು ಒಲೆಯ ಮುಂದೆಯೇ ನಿಲ್ಲು, ಕೈ ಆಡಿಸುತ್ತಲೇ ಇರು. ಮೊದಮೊದಲು ಹಸಿ ವಾಸನೆ ಬರುತ್ತದೆ. ಆಮೇಲೆ ಸಿಪ್ಪೆಯ ಮೇಲೆ ಅಲ್ಲಲ್ಲಿ ಕಂದು ಕಲೆ ಮೂಡಿ ಚಟಪಟ ಸದ್ದು ಶುರುವಾಗುತ್ತದೆ. ಒಂದು ಬೀಜ ಹೊರತೆಗೆದು, ಆರಿದ ಮೇಲೆ ಎರಡು ಬೆರಳ ನಡುವೆ ಉಜ್ಜಿ ನೋಡು. ಸಿಪ್ಪೆ ತಾನಾಗಿ ಕಳಚಿ ಒಳಗಿನ ಬೇಳೆ ತಿಳಿ ಹೊಂಬಣ್ಣಕ್ಕೆ ತಿರುಗಿದ್ದರೆ ಆಯಿತು. ಒಲೆ ಆರಿಸಿದರೂ ಬಾಣಲೆಯ ಕಾವಿಗೆ ಬೀಜ ಹುರಿಯುತ್ತಲೇ ಇರುತ್ತದೆ, ಆದ್ದರಿಂದ ಕೂಡಲೇ ತಟ್ಟೆಗೆ ಸುರಿದುಬಿಡು.

ಈಗ ಅವಸರ ಮಾಡಬೇಡ. ಪೂರ್ತಿ ತಣ್ಣಗಾದ ಮೇಲೆ ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಊದು. ಎಂಟು ಹತ್ತು ಎಸಳು ಬೆಳ್ಳುಳ್ಳಿಯನ್ನು ಅದೇ ಬಾಣಲೆಯಲ್ಲಿ ನೀರಿನಂಶ ಹೋಗುವವರೆಗೆ ಬಾಡಿಸು. ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಎರಡು ಚಮಚ ಖಾರದ ಪುಡಿ, ಉಪ್ಪು, ಚೂರು ಬೆಲ್ಲ, ಇಷ್ಟನ್ನು ಮೊದಲು ಮಿಕ್ಸಿಗೆ ಹಾಕಿ ಪುಡಿ ಮಾಡು. ಶೇಂಗಾ ಕೊನೆಗೆ. ಮಿಕ್ಸಿಯನ್ನು ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಂದು ಕ್ಷಣ ತಿರುಗಿಸಿ ನಿಲ್ಲಿಸು, ಚಮಚದಿಂದ ಮೇಲೆ ಕೆಳಗೆ ಮಾಡು, ಮತ್ತೆ ತಿರುಗಿಸು. ತರಿತರಿಯಾಗಿದ್ದರೇ ರುಚಿ. ಒಣ ಡಬ್ಬಿಯಲ್ಲಿಟ್ಟು ಒಣ ಚಮಚದಿಂದಲೇ ತೆಗೆ. ಫ್ರಿಜ್ಜಿನಲ್ಲಿಟ್ಟರೆ ಮೂರು ವಾರಕ್ಕೆ ಮೋಸವಿಲ್ಲ.

ಖಾರದ ಪುಡಿಯ ವಿಷಯಕ್ಕೆ ಬಂದರೆ, ಬ್ಯಾಡಗಿ ಮೆಣಸಿನಕಾಯಿಯದನ್ನೇ ತೆಗೆದುಕೋ. ಬಣ್ಣ ಗಾಢ, ಖಾರ ಹದ. ಬರೀ ಗುಂಟೂರು ಮೆಣಸಿನಕಾಯಿ ಹಾಕಿದರೆ ಕೆಂಪು ಬರುವಷ್ಟರಲ್ಲಿ ಬಾಯಿ ಉರಿದುಹೋಗುತ್ತದೆ. ಬ್ಯಾಡಗಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯದು, ಆ ಮೆಣಸಿನಕಾಯಿ ಆ ಸೀಮೆಯದೇ ವಿಶೇಷ ಎಂದು ಗುರುತಿಸುವ ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕಿದೆ. ಇಷ್ಟು ಹತ್ತಿರದವರಾಗಿ ನಾವೇ ಬಳಸದಿದ್ದರೆ ಹೇಗೆ?

ಪುಡಿ ಡಬ್ಬಿಯಲ್ಲಿದ್ದರೆ ನಂಚಿಕೊಳ್ಳುವ ಚಿಂತೆ ಮುಗಿದ ಹಾಗೆ. ಅರ್ಧ ಲೀಟರ್ ಮೊಸರನ್ನು ಒಗೆದ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಕೆಳಗೆ ಪಾತ್ರೆ ಇಟ್ಟು ಫ್ರಿಜ್ಜಿನೊಳಗೆ ತೂಗುಹಾಕು. ಎರಡು ಮೂರು ಗಂಟೆಯಲ್ಲಿ ನೀರು ಇಳಿದು ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಇಳಿದ ನೀರು ಚೆಲ್ಲಬೇಡ, ಚಪಾತಿ ಹಿಟ್ಟು ಕಲಸಲು ಬರುತ್ತದೆ. ಆ ಗಟ್ಟಿ ಮೊಸರಿಗೆ ಎರಡು ಚಮಚ ಶೇಂಗಾ ಪುಡಿ ಕಲಸಿ, ಮೇಲೊಂದು ಸಾಸಿವೆ ಕರಿಬೇವಿನ ಒಗ್ಗರಣೆ ಕೊಡು. ಇನ್ನೊಂದು ದಿನ ತುರಿದ ಸೌತೆಕಾಯಿಯನ್ನು ಹಿಂಡಿ ಹಾಕು. ಮತ್ತೊಂದು ದಿನ ಬೇಯಿಸಿದ ಬೀಟ್‌ರೂಟ್, ಹಸಿಮೆಣಸಿನಕಾಯಿ. ನೀನು ಡಬ್ಬಿಯಲ್ಲಿ ತರಿಸುವ ಮೇಯನೇಸ್ ಬಹುಪಾಲು ಎಣ್ಣೆ. ಒಮ್ಮೆ ಡಬ್ಬಿ ತಿರುಗಿಸಿ, ಅದರಲ್ಲಿ ಏನೇನಿದೆ ಎಂದು ಬರೆದಿರುವುದನ್ನು ಓದು.

ಅದರ ಜೊತೆ ಚಿಪ್ಸೇ ಬೇಕೆಂದಿಲ್ಲ. ಖಡಕ್ ಜೋಳದ ರೊಟ್ಟಿಯನ್ನು ಮುರಿದು ಮೊಸರಿನಲ್ಲಿ ಅದ್ದಿ ತಿಂದು ನೋಡು. ಕಾಯಿಸಿ ತೇವವನ್ನೆಲ್ಲ ತೆಗೆದಿರುವುದರಿಂದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಒಂದು ತೊಟ್ಟು ಎಣ್ಣೆಯೂ ಅದರಲ್ಲಿಲ್ಲ. ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ, ರೊಟ್ಟಿ ಅಂಗಡಿಗಳಲ್ಲಿ ಕಟ್ಟುಗಟ್ಟಲೆ ಮಾರುತ್ತಾರೆ. ರಾತ್ರಿ ಉಳಿದ ಚಪಾತಿಯೂ ಆಗುತ್ತದೆ. ಸಣ್ಣ ಉರಿಯ ತವೆಯ ಮೇಲೆ ಹಾಕಿ, ಮಡಿಸಿದ ಬಟ್ಟೆಯಿಂದ ಒತ್ತಿ ಒತ್ತಿ ಕಾಯಿಸಿದರೆ ಹಪ್ಪಳದಷ್ಟು ಗರಿಗರಿಯಾಗುತ್ತದೆ.

ಹೀರೇಕಾಯಿ ಪಲ್ಯ ಮಾಡಿದ ದಿನ ಸಿಪ್ಪೆಯನ್ನು ಬಿಸಾಡಬೇಡ, ಅದರಷ್ಟು ಅಗ್ಗದ ಚಟ್ನಿ ಇನ್ನೊಂದಿಲ್ಲ. ಹೆಚ್ಚುವ ಮೊದಲು ಕಾಯಿಯ ಚೂರು ಬಾಯಿಗಿಟ್ಟು ನೋಡು, ಕಹಿ ಎನಿಸಿದರೆ ಉಗುಳಿ ಇಡೀ ಕಾಯಿಯನ್ನೇ ಎಸೆದುಬಿಡು. ಕಹಿ ಹೀರೇಕಾಯಿ ಹೊಟ್ಟೆಗೆ ಒಳ್ಳೆಯದಲ್ಲ, ಅಲ್ಲಿ ಉಳಿತಾಯ ನೋಡಬೇಡ. ಒಳ್ಳೆಯ ಕಾಯಾದರೆ ತೊಳೆದು, ಏಣುಗಳನ್ನೂ ಸಿಪ್ಪೆಯನ್ನೂ ಹೆರೆದು ತೆಗೆ. ಒಂದು ಚಮಚ ಎಣ್ಣೆಯಲ್ಲಿ ಉದ್ದಿನಬೇಳೆ ಕೆಂಪಗಾದ ಮೇಲೆ ಹಸಿಮೆಣಸಿನಕಾಯಿ, ಸಿಪ್ಪೆ ಹಾಕಿ, ಸಿಪ್ಪೆ ಮುದುಡಿ ಹಸಿ ವಾಸನೆ ಹೋಗುವ ತನಕ ಹುರಿ. ಹುಣಸೆಹಣ್ಣು, ಉಪ್ಪು, ಇದ್ದರೆ ಒಂದು ಹಿಡಿ ಕೊಬ್ಬರಿ ಅಥವಾ ಹುರಿದ ಎಳ್ಳು ಸೇರಿಸಿ ತರಿಯಾಗಿ ರುಬ್ಬು. ಹಸಿ ತೆಂಗಿನಕಾಯಿ ತುರಿ ಹಾಕಿದ್ದರೆ ಅವತ್ತೇ ಮುಗಿಸಬೇಕು, ಕೊಬ್ಬರಿ ಎಳ್ಳಿನದಾದರೆ ಫ್ರಿಜ್ಜಿನಲ್ಲಿ ಎರಡು ದಿನ ನಿಲ್ಲುತ್ತದೆ.

ನಿನ್ನ ಗೆಳೆಯರಿಗೆ ಹಮ್ಮಸ್ ಬಹಳ ಇಷ್ಟವಂತೆ. ಅದೇನು ದೊಡ್ಡ ವಿದ್ಯೆಯಲ್ಲ. ಪಶ್ಚಿಮ ಏಷ್ಯಾದವರ ಮನೆಮನೆಯ ತಿನಿಸು: ಕಾಬೂಲಿ ಕಡಲೆ, ಎಳ್ಳು, ನಿಂಬೆ, ಬೆಳ್ಳುಳ್ಳಿ. ಒಂದು ಲೋಟ ಕಡಲೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಚಿಟಿಕೆ ಸೋಡಾ ಹಾಕಿ, ಬೆರಳಲ್ಲಿ ಒತ್ತಿದರೆ ನುಣ್ಣಗೆ ಹಿಸುಕಿಹೋಗುವ ಹಾಗೆ ಕುಕ್ಕರಿನಲ್ಲಿ ಬೇಯಿಸು. ಬಿಳಿ ಎಳ್ಳನ್ನು ಬಣ್ಣ ತಿರುಗದಂತೆ ಬೆಚ್ಚಗೆ ಹುರಿದು ಎರಡು ಚಮಚ ಎಣ್ಣೆಯೊಂದಿಗೆ ಮೊದಲು ರುಬ್ಬಿಕೋ, ಆಮೇಲೆ ಉಳಿದದ್ದೆಲ್ಲ ಸೇರಿಸಿ ನುಣ್ಣಗೆ ಮಾಡು. ದುಬಾರಿ ಆಲಿವ್ ಎಣ್ಣೆ ತರಲು ಹೋಗಬೇಡ, ಅಡುಗೆಯ ಶೇಂಗಾ ಎಣ್ಣೆ ಸಾಕು. ಒಂದು ಲೋಟ ಕಡಲೆ ಬೆಂದಾಗ ಎರಡೂವರೆ ಲೋಟವಾಗುತ್ತದೆ, ಮೂವರಿಗೆ ಎರಡು ಸಂಜೆ ಬರುತ್ತದೆ.

ಇನ್ನು ಮಂಡಕ್ಕಿ. ದಾವಣಗೆರೆಯ ಹುಡುಗನಿಗೆ ಮಂಡಕ್ಕಿಯ ಬಗ್ಗೆ ಬರೆಯಬೇಕೇ ಎಂದು ಯೋಚಿಸಿದೆ. ಆದರೂ ಬರೆಯುತ್ತೇನೆ, ಏಕೆಂದರೆ ಅಲ್ಲಿ ಸಿಗುವ ಮಂಡಕ್ಕಿ ನಮ್ಮ ಭಟ್ಟಿಯಿಂದ ಆಗತಾನೇ ಬಂದದ್ದಲ್ಲ, ಮೆತ್ತಗಾಗಿರುತ್ತದೆ. ಅದಕ್ಕೇ ಮೊದಲು ಒಣ ಬಾಣಲೆಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡು, ಹಿಸುಕಿದರೆ ಪುಡಿಯಾಗಬೇಕು. ಬೇರೆ ಮಾಡಿಟ್ಟುಕೊಂಡು, ಎಣ್ಣೆಯಲ್ಲಿ ಶೇಂಗಾ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಗರಿಯಾಗುವಷ್ಟು ಹುರಿ, ಪುಟಾಣಿ ಹಾಕು. ಒಲೆ ಆರಿಸಿದ ಮೇಲೆ ಅರಿಶಿನ, ಖಾರದ ಪುಡಿ, ಉಪ್ಪು. ಉರಿಯ ಮೇಲೆ ಖಾರದ ಪುಡಿ ಹಾಕಿದರೆ ಕರಕಲಾಗಿ ಕಹಿ ಬರುತ್ತದೆ. ಮಂಡಕ್ಕಿ ಸುರಿದು ಎಲ್ಲಕ್ಕೂ ಬಣ್ಣ ಹಿಡಿಯುವಂತೆ ಕೈಯಾಡಿಸು. ಪೂರ್ತಿ ಆರುವ ತನಕ ಡಬ್ಬಿಯ ಮುಚ್ಚಳ ಹಾಕಬೇಡ, ಒಳಗಿನ ಹಬೆಗೆ ಮತ್ತೆ ಮೆತ್ತಗಾಗುತ್ತದೆ. ಗೆಳೆಯರು ಸೇರಿದ ದಿನ ಧಾರವಾಡದವರ ಗಿರ್ಮಿಟ್ ಮಾಡು: ಈರುಳ್ಳಿ, ಟೊಮೆಟೊ, ಹುಣಸೆ, ಬೆಲ್ಲದ ಗೊಜ್ಜು ಬೇಯಿಸಿಟ್ಟು, ತಿನ್ನುವ ಹೊತ್ತಿಗೆ ಮಂಡಕ್ಕಿಗೆ ಕಲಸಿ, ಮೇಲೆ ಪುಟಾಣಿ ಹಿಟ್ಟು, ಹಸಿ ಈರುಳ್ಳಿ, ಕೊತ್ತಂಬರಿ. ಮೊದಲೇ ಕಲಸಿಟ್ಟರೆ ಮುದ್ದೆಯಾಗುತ್ತದೆ.

ಬಜ್ಜಿ, ಕೋಡುಬಳೆಗೆಲ್ಲ ಕೋಣೆಯಲ್ಲಿ ಕೈ ಹಾಕಬೇಡ. ನಾಲ್ಕು ಬಜ್ಜಿಗೆ ಬಾಣಲೆ ತುಂಬ ಎಣ್ಣೆ ಬೇಕು, ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ತಿನ್ನುತ್ತೀರಿ, ಅದು ಬೇಡ. ಆಸೆಯಾದ ದಿನ ಬಿಸಿ ಎಣ್ಣೆಯಲ್ಲಿ ಕಣ್ಣೆದುರೇ ಕರಿದು ಕೊಡುವ ಒಳ್ಳೆಯ ಅಂಗಡಿಯಲ್ಲಿ ತಿಂದು ಬಾ. ಕೋಡುಬಳೆ ನಾನು ಗೌರಿ ಹಬ್ಬಕ್ಕೆ ಕಳಿಸುತ್ತೇನೆ.

ಉಪ್ಪಿನ ಮೇಲೆ ಮಾತ್ರ ಹಿಡಿತವಿರಲಿ. ನಿನ್ನ ಅಪ್ಪನಿಗೆ ರಕ್ತದೊತ್ತಡ ಇದೆ ಎಂಬುದು ನೆನಪಿರಲಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ, ಅಂದರೆ ಊಟ ತಿಂಡಿ ಎಲ್ಲ ಸೇರಿ ಒಂದು ಚಹಾ ಚಮಚದೊಳಗೆ. ಚಟ್ನಿಗೆ ಹುಳಿ ಸ್ವಲ್ಪ ಮುಂದೆ ಮಾಡಿದರೆ ಕಡಿಮೆ ಉಪ್ಪು ಗೊತ್ತಾಗುವುದೇ ಇಲ್ಲ. ಇನ್ನೊಂದು ಮಾತು, ಶೇಂಗಾ ಕೆಲವರ ಮೈಗೆ ಆಗಿಬರುವುದಿಲ್ಲ. ಹೊಸಬರು ಯಾರಾದರೂ ತಿನ್ನಲು ಕೂತರೆ ಮೊದಲೇ ಕೇಳಿಕೋ.

ಬುಧವಾರ ನಿನ್ನ ದೊಡ್ಡಪ್ಪ ಬೆಂಗಳೂರಿಗೆ ಬರುತ್ತಿದ್ದಾರೆ. ಎರಡು ಕಿಲೋ ಶೇಂಗಾ, ಒಂದು ಡಬ್ಬಿ ಬ್ಯಾಡಗಿ ಖಾರದ ಪುಡಿ, ಇಪ್ಪತ್ತೈದು ಖಡಕ್ ರೊಟ್ಟಿ, ಒಂದು ಚೀಲ ಮಂಡಕ್ಕಿ ಕಳಿಸುತ್ತಿದ್ದೇನೆ. ರೊಟ್ಟಿಯ ಕಟ್ಟಿನ ಮೇಲೆ ಏನನ್ನೂ ಹೇರಬೇಡ. ಅವರಿಗೆ ಸಂಜೆ ಬಸ್ಸಿಗೆ ಹೊರಡುವ ಅವಸರ ಇರುತ್ತದೆ, ನಿಲ್ದಾಣಕ್ಕೆ ನೀನೇ ಹೋಗಿ ತೆಗೆದುಕೋ. ಆ ವಾರದಲ್ಲೇ ಚಟ್ನಿಪುಡಿ ಮಾಡಿ, ಹದ ಹೇಗೆ ಬಂತು ಎಂದು ನನಗೆ ಫೋನು ಮಾಡು. ನಿನ್ನ ಅಮ್ಮನಿಗೂ ಮಾಡು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಮ್ಮ