ಹೊಸಾ ಕುನ್ನಿಮರಿ ತಂದವರಿಗೆ

ಗುಂಪಿನ ಎಲ್ಲಾರ ಗಮನಕ್ಕ: ಎರಡು ತಿಂಗಳ ಮರಿ ಹಗಲಿನ್ಯಾಗ 2–3 ತಾಸಿಗಿಂತ ಹೆಚ್ಚು ಉಚ್ಚಿ ತಡಕೊಳ್ಳೂದಿಲ್ಲ. ನಿದ್ದಿಯಿಂದ ಎದ್ದ ಕೂಡಲೇ, ಆಟ ಮುಗದ ಕೂಡಲೇ, ಉಂಡು 10–20 ನಿಮಿಷಕ್ಕ ಹಿತ್ತಲದಾಗ ದಿನಾ ಅದೇ ಜಾಗಾಕ್ಕ ಒಯ್ಯಿರಿ. ರಾತ್ರಿನೂ ಒಮ್ಮೆ ಏಳಬೇಕಾಗ್ತದ. ಮಾಡಿದ ಮ್ಯಾಲೆ ತಿನಿಸು ಅಲ್ಲೇ ಕೊಡ್ರಿ. ಒಳಗ ಬಂದು ಕೊಟ್ರ, ಒಳಗ ಬಂದಿದ್ದಕ್ಕ ಸಿಕ್ತು ಅಂತ ತಿಳಕೋತದ.

ಲಸಿಕೆ ಪೂರ್ತಿ ಆಗೂತನಕ ಓಣಿಗೆ ಇಳಿಸಬ್ಯಾಡ್ರಿ, ಪಾರ್ವೋ ಅನ್ನೂ ವೈರಸ್ ರೋಗ ಬೇರೆ ನಾಯಿಗಳ ಹೇಲಿನಿಂದ ಹತ್ತತದ. ಹಿತ್ತಲಿಲ್ಲದವರು ಮಾಳಿಗಿ ಮ್ಯಾಲೆ ಅಗಲ ಟ್ರೇದಾಗ ಮಣ್ಣು ಹಾಕಿ ಇಡ್ರಿ.

ಬಹಳ ಮಂದಿ ತಪ್ಪೂದು ಮರಿ ಮನಿಯೊಳಗ ಮಾಡಿದ್ದನ್ನ ಒರಸೂದ್ರಾಗ. ಬರೇ ನೀರಿಲೆ ಒರಸಿದ್ರ ವಾಸನಿ ನಮಗ ಹೋಗ್ತದ, ಮರಿಗೆ ಹೋಗೂದಿಲ್ಲ. ಮತ್ತ ಅಲ್ಲೇ ಮಾಡ್ತದ. ಎಂಜೈಮ್ ಇರೂ ಕ್ಲೀನರ್ ಹಾಕಿ 10 ನಿಮಿಷ ಬಿಟ್ಟು ಒರಸ್ರಿ. ಶಹಾಬಾದ್ ಕಲ್ಲಿನ ನೆಲಕ್ಕ ವಿನೆಗರ್ ಬ್ಯಾಡ, ಅದು ಸುಣ್ಣದ ಕಲ್ಲು, ಹುಳಿಗೆ ಮೆರಗು ಹೋಗ್ತದ. ಫಿನೈಲ್ ಅಂತೂ ಬ್ಯಾಡೇ ಬ್ಯಾಡ, ಕಾಲಿಗೆ ಹತ್ತಿದ್ದನ್ನ ಮರಿ ನೆಕ್ಕತದ.

ಹೊಡಿಯೂದು, ಮೂತಿ ತಿಕ್ಕೂದು ದಯವಿಟ್ಟು ಮಾಡಬ್ಯಾಡ್ರಿ. ಅಂಜಿದ ಮರಿ ನಿಮ್ಮ ಕಣ್ಣು ತಪ್ಪಿಸಿ ಮಂಚದ ಕೆಳಗ ಮಾಡ್ತದ.

ರೂಢಿ ಆದ ಮರಿ ಒಮ್ಮೆಲೆ ಹನಿಹನಿ ಹೊಯ್ಯಾಕತ್ತಿದ್ರ ಅದು ಮೂತ್ರದ ಸೋಂಕಿರಬಹುದು, ಡಾಕ್ಟರಿಗೆ ತೋರಸ್ರಿ.