ಗರುಗ ಕೀಳುವ ಮುನ್ನ ಒಮ್ಮೆ ನೋಡಿ

ಎಲ್ಲರಿಗೂ ನಮಸ್ಕಾರ. ಗರುಗದ ಸೊಪ್ಪು (ಭೃಂಗರಾಜ) ಅಂತ ನಿನ್ನೆ ಗುಂಪಿಗೆ ಬಂದ ಫೋಟೋಗಳಲ್ಲಿ ಎರಡು ಗರುಗವಲ್ಲ, ಟ್ರೈಡ್ಯಾಕ್ಸ್ ಎಂಬ ಕಳೆ ಗಿಡ. ಎರಡೂ ಸೇವಂತಿಗೆ ಕುಟುಂಬದವೇ, ಹಾಗಾಗಿ ಮೋಸ ಹೋಗುವುದು ಸಹಜ.

ಗರುಗದ ಹೂವು ಚಿಕ್ಕದು, ಒಂದು ಸೆಂಟಿಮೀಟರ್ ಕೂಡ ಇರಲ್ಲ. ಪೂರ್ತಿ ಬಿಳಿ. ಎಲೆ ಈಟಿಯಂತೆ ಉದ್ದ, ಎದುರುಬದುರು, ತೊಟ್ಟು ಇಲ್ಲವೆನ್ನುವಷ್ಟು ಕಡಿಮೆ, ಮುಟ್ಟಿದರೆ ಒರಟು. ಎಲೆ ಕಿವುಚಿ ಸ್ವಲ್ಪ ಹೊತ್ತು ಬಿಡಿ, ರಸ ಕಪ್ಪಾಗುತ್ತದೆ. ನನಗೆ ಹೆಚ್ಚು ನಂಬಿಕೆ ಈ ಗುರುತಿನ ಮೇಲೆಯೇ. ಟ್ರೈಡ್ಯಾಕ್ಸ್‌ನಲ್ಲಿ ಉದ್ದ ಕಡ್ಡಿಯ ತುದಿಗೆ ಒಂಟಿ ಹೂವು, ನಡುವೆ ಹಳದಿ, ಎಲೆಯಂಚು ಗರಗಸದ ಹಾಗೆ. ಬೀಜ ಗಾಳಿಗೆ ಹಾರುತ್ತದೆ. ಉದ್ಯಾನಗಳಲ್ಲಿ ಹಬ್ಬುವ ಹಳದಿ ಹೂವಿನ ವೆಡೇಲಿಯಾ ಕೂಡ ಬೇರೆಯೇ.

ಬೆಳೆಸುವುದು ಸುಲಭ. ಗೆಣ್ಣಿರುವ ತುಂಡು ಕಡ್ಡಿ ಒದ್ದೆ ಮಣ್ಣಿಗೆ ಊರಿದರೆ ಬೇರು ಬಿಡುತ್ತದೆ. ಬೀಜವಾದರೆ ಮೇಲೆಯೇ ಉದುರಿಸಿ, ಮಣ್ಣು ಮುಚ್ಚಬೇಡಿ. ಮೊಳಕೆಗೆ ಬೆಳಕು ಬೇಕು. ಗದ್ದೆ ಬದುವಿನ ಗಿಡವಾದ್ದರಿಂದ ಕುಂಡ ಒಣಗಬಾರದು.

ಚರಂಡಿ ಪಕ್ಕ, ಕಳೆನಾಶಕ ಹೊಡೆದ ಬದುಗಳಲ್ಲಿ ದಯವಿಟ್ಟು ಕೀಳಬೇಡಿ. ಅನುಮಾನವಿದ್ದರೆ ಹೂವು, ಎಲೆ, ಕಾಂಡ ಮೂರೂ ಕಾಣುವಂತೆ ಫೋಟೋ ಹಾಕಿ, ನೋಡಿ ಹೇಳುತ್ತೇನೆ.